ತಕ್ ಅಂದ್ರ ಏನ್ರಿ

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಂಬಿ ಯಾರಾದರೂ ನನ್ನನ್ನು ಇಬ್ಬರ ನಡುವೆ ನಿಲ್ಲಿಸಿದರೆ ಅಲ್ಲಿ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ನಿಲ್ಲಿಸುವವರೂ ಬಿಟ್ಟಿಲ್ಲ, ನಿಲ್ಲುವುದನ್ನು ನಾನೂ ಬಿಟ್ಟಿಲ್ಲ.

ಮೊನ್ನೆ ಕಲಬುರಗಿಯ ಸೇಡಂ ರಸ್ತೆಯ ಒಂದು ದವಾಖಾನೆಯಲ್ಲಿ ನನ್ನ ಸರದಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಫೋನಿನಲ್ಲಿ ಮಗಳಿಗೆ "ಶಾಮ್ ತಕ್ ಆತೂಂ ಬೇಟಾ" ಅಂದರು. ಸಂಜೆಯ ಹೊತ್ತಿಗೆ ಬರುತ್ತೇನೆ ಅಂತ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆದರೂ ಆ ‘ತಕ್’ ಕಿವಿಗೆ ಬಿದ್ದದ್ದೇ ನನಗೆ ನಗು ತಡೆಯಲಾಗಲಿಲ್ಲ. ಅವರು ತಮ್ಮ ಟೊಪ್ಪಿಗೆ ಸರಿ ಮಾಡಿಕೊಂಡರು, ಅಂಗಿಯ ಗುಂಡಿ ನೋಡಿಕೊಂಡರು, ಕಡೆಗೆ ಎದ್ದು ದೂರದ ಕುರ್ಚಿಗೆ ಹೋಗಿ ಕೂತರು. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಂದೂರಿನ ಒಂದು ದಾಲ್ ಮಿಲ್ಲಿನ ಆಫೀಸಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಜೇವರ್ಗಿ ಕಾಲೋನಿಯಿಂದ ಬೆಳಿಗ್ಗೆ ಆಟೋ ಹಿಡಿದು ಹೋದರೆ ಸಂಜೆ ಬರುವಾಗ ಸೀರೆಯ ನಿರಿಗೆಯಲ್ಲೆಲ್ಲ ತೊಗರಿಯ ಹೊಟ್ಟು. ಪತ್ರ ಟೈಪ್ ಮಾಡುವುದು, ಬಂದವರಿಗೆ ಕುರ್ಚಿ ತೋರಿಸುವುದು, ಮಿಲ್ಲಿನ ಮಾಲೀಕರಾದ ಸಾವಕಾರರು ಸಿಟ್ಟಿನಲ್ಲಿ ಹೇಳಿದ್ದನ್ನು ಫೋನಿನಲ್ಲಿ ಮೆತ್ತಗೆ ಮಾಡಿ ಹೇಳುವುದು ನನ್ನ ಕೆಲಸ. ಪತ್ರಗಳು ಇಂಗ್ಲಿಷಿನಲ್ಲಿ ಇರುತ್ತಿದ್ದವು. ಆದ್ದರಿಂದ ನನಗೆ ಇಂಗ್ಲಿಷ್ ಬರುತ್ತದೆ ಎಂದು ಸಾವಕಾರರು ತಿಳಿದಿದ್ದರು. ನಿಜ ಹೇಳಬೇಕೆಂದರೆ ನನಗೆ ಬರುತ್ತಿದ್ದದ್ದು ಪತ್ರದ ಇಂಗ್ಲಿಷ್. ಎದುರಿಗೆ ನಿಂತ ಮನುಷ್ಯನ ಜೊತೆ ಮಾತನ್ನು ‘ತಮ್ಮ ಪತ್ರ ತಲುಪಿತು’ ಎಂದು ಶುರು ಮಾಡಲು ಆಗುತ್ತದೆಯೇ?

ಒಂದು ವರ್ಷ ಸಾವಕಾರರು ತೊಗರಿಯ ಸಿಪ್ಪೆ ಬಿಡಿಸುವ ದೊಡ್ಡ ಯಂತ್ರವನ್ನು ಡೆನ್ಮಾರ್ಕಿನಿಂದ ತರಿಸಿದರು. ಅದನ್ನು ಜೋಡಿಸಲು ಒಬ್ಬರಾದ ಮೇಲೆ ಒಬ್ಬರಂತೆ ಮೂರು ಮಂದಿ ಬಂದರು. ಮೊದಲು ಡೆನ್ಮಾರ್ಕಿನ ಇಂಜಿನಿಯರು, ಆಮೇಲೆ ಪೋಲೆಂಡಿನ ವೆಲ್ಡರು, ಕಡೆಗೆ ವಿದ್ಯುತ್ ಕೆಲಸಕ್ಕೆ ನಾರ್ವೆಯ ಒಬ್ಬ ಹುಡುಗಿ. ಮೂರೂ ಮಂದಿಯ ಬಾಯಲ್ಲಿ ಒಂದೇ ಒಂದು ಪುಟ್ಟ ಮಾತು ಆಡುತ್ತಿತ್ತು. ಆ ಮಿಲ್ಲು ಈಗ ಬೇರೆಯವರ ಕೈಗೆ ಹೋಗಿದೆ. ಒಳಗೆ ಗೋದಾಮು ಮಾಡಿದ್ದಾರಂತೆ. ನಾನು ಆ ಕಡೆ ಹೋಗುವುದಿಲ್ಲ. ಆದರೆ ಆ ನಾಲ್ಕು ತಿಂಗಳು ಮಾತ್ರ ನನ್ನ ತಲೆಯಲ್ಲಿ ಇನ್ನೂ ಹಾಗೆಯೇ ನಡೆಯುತ್ತಿವೆ.

೧. ಚಹಾ

ಡೆನ್ಮಾರ್ಕಿನ ಸಾಹೇಬರು ಬಂದ ಮೊದಲ ದಿನ. ಆರಡಿಗಿಂತ ಎತ್ತರ, ನೆರೆತ ಗಡ್ಡ, ಮಾತು ಬಹಳ ಮೆತ್ತಗೆ. ಕೆಲಸದ ಮಾತೆಲ್ಲ ಇಂಗ್ಲಿಷಿನಲ್ಲಿ ಆಡುತ್ತಿದ್ದರು. ಆದರೆ ಥ್ಯಾಂಕ್ಸ್ ಹೇಳುವಾಗ ಮಾತ್ರ ಅವರ ಸ್ವಂತ ಭಾಷೆ ತಾನಾಗಿ ಬಂದುಬಿಡುತ್ತಿತ್ತು. ಅವರ ಭಾಷೆಯಲ್ಲಿ ಅದಕ್ಕೆ ‘ತಕ್’ ಅನ್ನುತ್ತಾರೆ. ಇದು ನಮಗಾರಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಚಹಾ ಮಾಡುವ ಒಬ್ಬ ಅಕ್ಕ ಇದ್ದಳು. ಹೊರಗಿನವರು ಬಂದಾಗ ತೆಗೆಯುವ ಹೂವಿನ ಕಪ್ಪು-ಬಸಿಯಲ್ಲಿ ಚಹಾ ತಂದು ಸಾಹೇಬರ ಮುಂದೆ ಹಿಡಿದಳು. ಸಾಹೇಬರು ಕೈಚಾಚಿ, ನಕ್ಕು, "ತಕ್" ಅಂದರು. ಅಕ್ಕನ ಕಿವಿಗೆ ಅದು "ತಕ್ಕೋ" ಎಂದು ಕೇಳಿಸಿತು. ತಕ್ಕೋ ಅಂದರೆ ತೆಗೆದುಕೊಂಡು ಹೋಗು. ಅವಳು ಕಪ್ಪನ್ನು ಹಿಂದೆ ಎಳೆದು ಒಳಗೆ ಹೋದಳು.

ಸಕ್ಕರೆ ಜಾಸ್ತಿಯಾಯಿತೇನೋ ಎಂದು ಸಕ್ಕರೆ ಕಡಿಮೆ ಮಾಡಿ ತಂದಳು. ಸಾಹೇಬರು ಮತ್ತೆ "ತಕ್" ಅಂದರು. ಮತ್ತೆ ಒಳಗೆ ಹೋದಳು. ಶುಂಠಿ ಜಜ್ಜಿ ಹಾಕಿ ಮೂರನೇ ಸಲ ತಂದಳು. ಸಾಹೇಬರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಇನ್ನೂ ಮೆತ್ತಗೆ "ತಕ್" ಅಂದರು. ಅಕ್ಕನ ಕಣ್ಣಲ್ಲಿ ನೀರೇ ಬಂತು.

ಸೀದಾ ನನ್ನ ಮೇಜಿಗೆ ಬಂದಳು. "ಅಕ್ಕಾರೆ, ನಾ ಏನ್ ತಪ್ಪ ಮಾಡೀನ್ರಿ? ಮೂರ ಸಲ ಕೊಟ್ಟೀನಿ, ಮೂರೂ ಸಲ ತಕ್ಕೋ ಅಂದಾರ. ನಕ್ಕೋತ ಅಂತಾರ, ಅದಕ್ಕ ಇನ್ನೂ ಕೆಟ್ಟ ಅನಸ್ತದ."

ನಾನು ಸಾಹೇಬರ ಹತ್ತಿರ ಹೋಗಿ, ನನ್ನ ಪತ್ರದ ಇಂಗ್ಲಿಷಿನಲ್ಲಿ, ಚಹಾದ ವಿಷಯವಾಗಿ ತಮ್ಮದೇನಾದರೂ ದೂರು ಇದೆಯೇ ಎಂದು ಕೇಳಿದೆ. ಅವರು ಗಾಬರಿಯಾದರು.

"ಇಲ್ಲ, ಇಲ್ಲ. ನಿಮ್ಮಲ್ಲಿ ಅತಿಥಿಗೆ ಚಹಾ ಮೊದಲು ತೋರಿಸುವ ಪದ್ಧತಿ ಇದೆ ಎಂದು ತಿಳಿಯಿತು. ಮೂರು ಸಲ ನೋಡಿದೆ, ಬಹಳ ಚೆನ್ನಾಗಿತ್ತು," ಅಂದರು. ಆಮೇಲೆ ಸಂಕೋಚದಿಂದ ದನಿ ಇಳಿಸಿ ಕೇಳಿದರು: "ಕುಡಿಯುವುದು ಯಾವಾಗ?"

೨. ಕಾಂ ತಕ್

ಮಿಲ್ಲಿನ ಹಿರಿಯ ಫಿಟ್ಟರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದೆವು. ಯಂತ್ರದ ಸದ್ದು ಕೇಳಿಯೇ ಎಲ್ಲಿ ಬೋಲ್ಟು ಸಡಿಲವಾಗಿದೆ ಎಂದು ಹೇಳುವ ಮನುಷ್ಯ. ಅರ್ಧ ಉರ್ದು, ಅರ್ಧ ಕನ್ನಡ ಅವರ ಮಾತು.

ಎರಡನೇ ವಾರ, ತೊಗರಿ ಸುರಿಯುವ ದೊಡ್ಡ ತಗಡಿನ ಬುಟ್ಟಿಯನ್ನು ಯಂತ್ರದ ಮೇಲೆ ಕೂರಿಸಬೇಕಿತ್ತು. ಚಾಚಾ ಅಟ್ಟಣಿಗೆಯ ಮೇಲೆ ನಿಂತು ಸರಪಳಿ ಎಳೆದು ಬುಟ್ಟಿ ಎತ್ತುವುದು, ಸಾಹೇಬರು ಕೆಳಗೆ ನಿಂತು ಅಳತೆ ನೋಡುವುದು. ಬುಟ್ಟಿ ಸರಿಯಾದ ಎತ್ತರಕ್ಕೆ ಬಂತು. ಸಾಹೇಬರು ಅಂಗೈ ತೋರಿಸಿ "ತಕ್" ಅಂದರು. ಸಾಕು, ಉಪಕಾರವಾಯಿತು ಎನ್ನುವ ಅರ್ಥದಲ್ಲಿ.

ಚಾಚಾನ ಉರ್ದುವಿನಲ್ಲಿ ತಕ್ ಅಂದರೆ ತನಕ. ಮಾತು ಅರ್ಧಕ್ಕೇ ನಿಂತಿತಲ್ಲ ಎಂದುಕೊಂಡು ಮೇಲಿಂದ ಕೇಳಿದರು: "ಕಾಂ ತಕ್ ಸಾಬ್?" ಎಲ್ಲಿ ತನಕ ಅಂತ.

ಈ ಮನುಷ್ಯ ನನ್ನ ಭಾಷೆಯಲ್ಲೇ ಮರಳಿ ಥ್ಯಾಂಕ್ಸ್ ಹೇಳುತ್ತಿದ್ದಾನೆ ಎಂದು ಸಾಹೇಬರಿಗೆ ಸಂತೋಷವಾಯಿತು. "ತಕ್, ತಕ್" ಅಂದರು.

ಚಾಚಾ ಇನ್ನಷ್ಟು ಎಳೆದರು. "ಕಾಂ ತಕ್?"

"ತಕ್," ಅಂದರು ಸಾಹೇಬರು, ಕತ್ತು ಮೇಲೆತ್ತಿ. ಬುಟ್ಟಿ ಯಾಕೆ ಇನ್ನೂ ಮೇಲೆ ಹೋಗುತ್ತಿದೆ ಎಂದು ಅವರಿಗೆ ತಿಳಿಯಲಿಲ್ಲ. ಆದರೆ ಇಷ್ಟು ಮರ್ಯಾದೆಯಿಂದ ಮಾತನಾಡುವ ಹಿರಿಯರ ಮೇಲೆ ಕೂಗುವುದು ಹೇಗೆ? ಪ್ರತಿ ಮೊಳಕ್ಕೂ ಅವರು "ಕಾಂ ತಕ್" ಅನ್ನುವುದು, ಇವರು "ತಕ್" ಅನ್ನುವುದು. ಬುಟ್ಟಿ ಮಾಡಿನ ಕಬ್ಬಿಣದ ತೊಲೆಗೆ ಹೋಗಿ ಡಣ್ಣೆಂದು ತಾಗಿ ನಿಂತ ಮೇಲೆ ಇಬ್ಬರೂ ಸುಮ್ಮನಾದರು. ಇಳಿಸುವುದಕ್ಕೆ ಅರ್ಧ ದಿನ ಹಿಡಿಯಿತು.

ಚಾಚಾ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. "ಬೇಟಿ, ಎಲ್ಲಿ ತನಕ ಅಂತ ಕೇಳಿದ್ರ ತನಕ, ತನಕ ಅಂತಾರ. ನನ್ನ ಉಮರಿನಾಗ ಇಂಥಾ ಜವಾಬು ನನ್ನ ಅಳಿಯ ಒಬ್ಬನೇ ಕೊಟ್ಟಿದ್ದ. ಕೆಲಸ ಎಲ್ಲಿ ತನಕ ಬಂತು ಅಂತ ಕೇಳಿದಾಗ."

೩. ಹೊಟ್ಟು

ಬುಟ್ಟಿ ಮೇಲೆ ಹೋದ ದಿನವೇ ನಾನು ಸಾಹೇಬರನ್ನು ಕೇಳಿ ಅರ್ಥ ತಿಳಿದುಕೊಂಡೆ. ಮಾರನೆಯ ದಿನ ಮಿಲ್ಲಿನವರನ್ನೆಲ್ಲ ಸೇರಿಸಿ ಹೇಳಿದೆ: "ನೋಡ್ರಿ, ತಕ್ ಅಂದ್ರ ಥ್ಯಾಂಕ್ಸ್. ಇನ್ನ ಮ್ಯಾಲ ಯಾರೂ ಗೊಂದಲ ಮಾಡ್ಕೋಬ್ಯಾಡ್ರಿ." ಎಲ್ಲರೂ ತಲೆಯಾಡಿಸಿದರು. ಸಾವಕಾರರು ನನ್ನ ಕಡೆ ನೋಡಿದ ರೀತಿ ನೋಡಿ ನನಗೆ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆ ಹದಿನೈದು ದಿನ ಇತ್ತು.

ಅಷ್ಟರಲ್ಲಿ ಪೋಲೆಂಡಿನ ವೆಲ್ಡರು ಬಂದರು. ಗಿಡ್ಡ ಆಳು, ಗಟ್ಟಿ ತೋಳು. ಇಂಗ್ಲಿಷಿನ ಹತ್ತು ಮಾತು ಬರುತ್ತಿದ್ದವು, ಅದರಲ್ಲಿ ಆರು ವೆಲ್ಡಿಂಗಿನವು.

ಹೊಸ ತೊಗರಿ ಬಜಾರಿಗೆ ಬರುವ ಮೊದಲು ಯಂತ್ರ ಓಡಲೇಬೇಕೆಂದು ಸಾವಕಾರರಿಗೆ ಅವಸರ. ಆ ಹಂಗಾಮು ತಪ್ಪಿದರೆ ವರ್ಷವೇ ತಪ್ಪಿದಂತೆ. ಒಂದು ಸೋಮವಾರ ಪೂಜೆಯಿಟ್ಟು ಬೀಗರನ್ನು, ಪೇಟೆಯ ವ್ಯಾಪಾರಿಗಳನ್ನು ಕರೆದರು. ಎಲ್ಲರದೂ ಬಿಳಿ ಧೋತರ, ಬಿಳಿ ಅಂಗಿ, ಇಸ್ತ್ರಿ ಮುರಿಯದ ಟೊಪ್ಪಿಗೆ. ಡೆನ್ಮಾರ್ಕಿನ ಸಾಹೇಬರು ಒಂದು ಸಾಮಾನು ಬಿಡಿಸಿಕೊಂಡು ಬರಲು ಹೈದರಾಬಾದಿಗೆ ಹೋಗಿದ್ದರು. ಉಳಿದವರು ವೆಲ್ಡರು ಮತ್ತು ನಾನು.

ಸಾವಕಾರರು ಪೂಜೆಗೆಂದು ತಾತ್ಕಾಲಿಕವಾಗಿ ಕರೆಂಟು ಕೊಟ್ಟಿದ್ದ ಯಂತ್ರದ ಗುಂಡಿಯ ಮುಂದೆ ನಿಂತು ಹೇಳಿದರು: "ತಂಗೀ, ಒತ್ತೂಕಿಂತ ಮೊದಲ ಒಂದು ಮಾತು ಅವರಿಗಿ ಕೇಳು. ಏನರ ಕೆಲಸ ಬಾಕಿ ಅದ ಏನು?"

ಕೇಳಿದೆ. ವೆಲ್ಡರು ಮೇಲಿನ ಕೊಳವೆಯ ಕಡೆ ನೋಡಿ, ಜೋರಾಗಿ ತಲೆಯಾಡಿಸಿ "ತಕ್" ಅಂದರು.

"ಥ್ಯಾಂಕ್ಸ್ ಅಂತಾರ್ರಿ," ಅಂದೆ ನಾನು.

"ಮತ್ತೊಮ್ಮೆ ಕೇಳು. ಬೀಗರು ಬಂದಾರ."

ಮತ್ತೊಮ್ಮೆ ಕೇಳಿದೆ. ಏನಾದರೂ ಉಳಿದಿದೆಯೇ? "ತಕ್, ತಕ್, ತಕ್" ಅಂದರು ವೆಲ್ಡರು, ಎರಡೂ ಕೈ ಮೇಲಕ್ಕೆತ್ತಿ. ದೇವರಿಗೂ ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದು ನಾನು ತಿಳಿದೆ. ಸಾವಕಾರರಿಗೆ ಹಾಗೆಯೇ ಹೇಳಿದೆ. ಅವರು ವೆಲ್ಡರಿಗೆ ಕೈಮುಗಿದು ಗುಂಡಿ ಒತ್ತಿದರು.

ಬಾಕಿ ಇದ್ದದ್ದು ಹೊಟ್ಟಿನ ಕೊಳವೆ. ಹೊಟ್ಟನ್ನು ಊದಿ ಹಿಂದಿನ ಕೋಣೆಗೆ ಕಳಿಸಬೇಕಾದ ಆ ಕೊಳವೆಯನ್ನು ಇನ್ನೂ ಕೋಣೆಗೆ ಜೋಡಿಸಿರಲಿಲ್ಲ. ಅದರ ಬಾಯಿ ಬೀಗರ ಕುರ್ಚಿಗಳ ಕಡೆ ಇತ್ತು. ವೆಲ್ಡರು ಓಡಿ ಬಂದು ಯಂತ್ರ ನಿಲ್ಲಿಸುವಷ್ಟರಲ್ಲಿ ಬೀಗರು ಯಾರು, ವ್ಯಾಪಾರಿಗಳು ಯಾರು ಎಂದು ತಿಳಿಯದಂತಾಗಿತ್ತು. ಸಾಲಾಗಿ ಕಂದು ಬಣ್ಣದ ಮನುಷ್ಯರು ಕೂತಿದ್ದರು, ಕಣ್ಣು ಮಾತ್ರ ಆಡುತ್ತಿದ್ದವು.

ಆಗ ವೆಲ್ಡರು ಸೀಮೆಸುಣ್ಣ ತೆಗೆದು ನೆಲದ ಮೇಲೆ ‘ತಕ್ = ಯೆಸ್’ ಎಂದು ಬರೆದು ತೋರಿಸಿದರು. ಅವರ ಭಾಷೆಯಲ್ಲಿ ತಕ್ ಅಂದರೆ ಹೌದು. ಬಾಕಿ ಇದೆಯೇ ಅಂದರೆ ಹೌದು, ಉಳಿದಿದೆಯೇ ಅಂದರೆ ಹೌದು, ಹೌದು, ಹೌದು.

ರಾಜೀನಾಮೆ ಪತ್ರದ ಮೊದಲ ಸಾಲು ತಲೆಯಲ್ಲಿ ಟೈಪ್ ಆಗಿಬಿಟ್ಟಿತ್ತು. ಅಷ್ಟು ವರ್ಷ ಉಂಡ ಅನ್ನ ಇವತ್ತಿಗೆ ಮುಗಿಯಿತು ಎಂದುಕೊಂಡು ಸಾವಕಾರರ ಮುಂದೆ ಹೋಗಿ ನಿಂತೆ. ಅವರು ಮೀಸೆಯಿಂದ ಹೊಟ್ಟು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ತೋಳು ಕೊಡವಿದರು, ಟೊಪ್ಪಿಗೆ ಕೊಡವಿದರು, ಅದನ್ನೂ ನೋಡಿದರು.

"ಯಂತ್ರ ಛಲೋ ಅದ ತಂಗೀ," ಅಂದರು. "ಹೊಟ್ಟಿನ ಜೊತಿ ಒಂದ ಬ್ಯಾಳಿ ಸೈತ ಬಂದಿಲ್ಲ. ಮೈಯೆಲ್ಲಾ ಹುಡುಕೀನಿ."

೪. ಗೋಡೆಯ ಪಟ್ಟಿ

ಆ ದಿನದಿಂದ ಸಾವಕಾರರ ಅಪ್ಪಣೆಯಂತೆ ಒಂದು ಪಟ್ಟಿ ಬರೆದು ಗುಂಡಿಯ ಪಕ್ಕದ ಗೋಡೆಗೆ ಅಂಟಿಸಿದೆ. ತಕ್: ಡೆನ್ಮಾರ್ಕಿನವರು ಅಂದರೆ ಥ್ಯಾಂಕ್ಸ್. ಪೋಲೆಂಡಿನವರು ಅಂದರೆ ಹೌದು. ಚಾಚಾ ಅಂದರೆ ತನಕ. ಚಹಾದ ಅಕ್ಕ ಓದು ಬಾರದವಳು. ಪಟ್ಟಿಯಲ್ಲಿ ತನ್ನದೂ ಇರಬೇಕು ಎಂದು ಹಟ ಹಿಡಿದಳು. ಅವಳ ಅರ್ಥವನ್ನೂ ಬರೆದೆ: ತೆಗೆದುಕೊಂಡು ಹೋಗು.

ನಾರ್ವೆಯ ಹುಡುಗಿ ಬಂದ ಕೂಡಲೇ ನಾನು ಕೇಳಿದ ಮೊದಲ ಪ್ರಶ್ನೆ, ನಿಮ್ಮಲ್ಲಿ ತಕ್ ಅಂದರೆ ಏನು. ಅವಳು ಹೇಳಿದಳು: ಗಕ್ಕನೆ ಅಂದರೆ ಥ್ಯಾಂಕ್ಸ್, ಎಳೆದು ಅಂದರೆ ಮನೆಯ ಮಾಡು, ಚಾವಣಿ. ಪಟ್ಟಿಯಲ್ಲಿ ಎರಡು ಸಾಲು ಹೆಚ್ಚಾದವು.

ಒಂದು ದಿನ ಒಬ್ಬ ವ್ಯಾಪಾರಿ ಬಂದವರು ಆ ಪಟ್ಟಿಯನ್ನು ಎರಡು ಸಲ ಓದಿ, "ಇದರಾಗ ನಾ ಯಾವುದು ಅನಬೇಕ್ರಿ?" ಎಂದು ಕೇಳಿದರು. ಹೊಟ್ಟು ತಿಂದವರಲ್ಲಿ ಅವರೂ ಒಬ್ಬರು.

ಸಾವಕಾರರು ತಲೆ ಎತ್ತದೆ ಹೇಳಿದರು: "ನೀವು ಏನೂ ಅನಬ್ಯಾಡ್ರಿ. ಬರೇ ಕೂಡ್ರಿ."

೫. ಮಾಡು

ಜೋರು ಗಾಳಿಯ ದಿನ. ಮಿಲ್ಲಿನ ತಗಡಿನ ಮಾಡಿನ ಮೇಲೆ ಮಂಗಗಳು ಬಂದು ಕುಣಿದು ಹೋಗಿದ್ದವು. ಒಂದು ಹಳೆಯ ತಗಡು ಮೊಳೆ ಕಿತ್ತು ಸಡಿಲವಾಗಿತ್ತು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಡೆನ್ಮಾರ್ಕಿನ ಸಾಹೇಬರು ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಅದರ ಸರಿಯಾಗಿ ಕೆಳಗೆ ನಿಂತಿದ್ದರು. ಆ ಕಡೆ ಏಣಿಯ ಮೇಲಿದ್ದ ನಾರ್ವೆಯ ಹುಡುಗಿ ತಗಡು ಜಾರುವುದನ್ನು ನೋಡಿದಳು. ಗಾಬರಿಯಲ್ಲಿ ಇಂಗ್ಲಿಷ್ ಮರೆತುಹೋಗಿ, ಮೇಲೆ ಕೈ ತೋರಿಸಿ ಕೂಗಿದಳು: "ತಾಕ್, ತಾಕ್." ಮಾಡು, ಮಾಡು ಅಂತ.

ಯಂತ್ರದ ಸದ್ದು, ಕಿವಿಯ ಮುಚ್ಚಳ. ಸಾಹೇಬರಿಗೆ ಕೇಳಿಸಿದ್ದು ಥ್ಯಾಂಕ್ಸ್. ಅವಳ ಕಡೆ ತಿರುಗಿ ನಕ್ಕು, ತಮ್ಮ ಭಾಷೆಯಲ್ಲಿ ‘ಅದರಲ್ಲೇನಿದೆ’ ಎನ್ನುವಂತೆ ಕೈಯಾಡಿಸಿದರು. ವೆಲ್ಡರು ಇಬ್ಬರನ್ನೂ ನೋಡಿದರು. ಹೌದು, ಹೌದು ಅನ್ನುತ್ತಿದ್ದಾಳೆ, ಯಾವುದಕ್ಕೆ ಎಂದು ತಿಳಿಯದೆ ನಿಂತರು. ಚಾಚಾ ಸರಪಳಿ ಹಿಡಿದುಕೊಂಡು "ಕಾಂ ತಕ್?" ಎಂದು ಕೇಳಿದರು. ನಾನು ಪಟ್ಟಿ ನೋಡಲು ಗೋಡೆಯ ಕಡೆ ಓಡಿದೆ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಚಹಾದ ಅಕ್ಕ ಟ್ರೇ ಹಿಡಿದುಕೊಂಡು ಬರುತ್ತಿದ್ದಳು. ಟ್ರೇ ನೆಲಕ್ಕಿಟ್ಟು, ಎರಡು ಹೆಜ್ಜೆಯಲ್ಲಿ ಹೋಗಿ, ಆ ಎತ್ತರದ ಮನುಷ್ಯನ ರಟ್ಟೆ ಹಿಡಿದು ದರದರ ಎಳೆದುಕೊಂಡು ಈಚೆ ಬಂದಳು. ಅವರು ನಿಂತಿದ್ದ ಜಾಗಕ್ಕೆ ತಗಡು ಬಂದು ಬಿತ್ತು. ಕಾಂಕ್ರೀಟಿನ ನೆಲದ ಮೇಲೆ ಒಂದು ಗೇಣು ಉದ್ದ ಗೀರು ಬಿತ್ತು.

ಸಾಹೇಬರು ಕಿವಿಯ ಮುಚ್ಚಳ ತೆಗೆದು ತಗಡನ್ನು ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು. ಏಣಿಯಿಂದ ಇಳಿದು ಬಂದ ಹುಡುಗಿ ಅಕ್ಕನನ್ನು ತಬ್ಬಿಕೊಂಡು ಅತ್ತುಬಿಟ್ಟಳು.

ಅವಳ ಭಾಷೆ ನಿನಗೆ ಹೇಗೆ ತಿಳಿಯಿತು ಎಂದು ನಾನು ಆಮೇಲೆ ಕೇಳಿದೆ. ಅಕ್ಕನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು.

"ತಿಳೀಲಾಕ ಏನದ ಅದರಾಗ? ಅಕಿ ತಕ್ಕೋ ಅಂದ್ಳು, ನಾ ತಕ್ಕೊಂಡೆ."

೬. ಕಮಲಾಪುರದ ಊಟ

ಯಂತ್ರ ಓಡಿತು. ಹೊಸ ತೊಗರಿ ಬರುವ ಹೊತ್ತಿಗೆ ಸರಿಯಾಗಿ ಓಡಿತು. ಹೋಗುವ ಮೊದಲು ಮೂವರನ್ನೂ ಒಂದು ಭಾನುವಾರ ನನ್ನ ತವರಿಗೆ ಕರೆದುಕೊಂಡು ಹೋದೆ.

ನನ್ನ ತವರು ಕಮಲಾಪುರ. ಅಲ್ಲಿ ಅಣ್ಣನದು ಕೆಂಪು ಬಾಳೆಯ ತೋಟ. ಮನೆಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳು, ಎಲ್ಲರ ಮೇಲೆ ಅವ್ವ. ಅವ್ವ ಹೋಗಿ ಈಗ ಮೂರು ವರ್ಷವಾಯಿತು. ಆಗ ಗಟ್ಟಿಯಾಗಿದ್ದಳು. ಅವಳು ಹುಟ್ಟಿದ್ದು ಗಡಿಯಾಚೆ ಉಮರ್ಗಾ ಕಡೆ, ಮರಾಠಿ ಮಾತಿನ ಮನೆಯಲ್ಲಿ. ಕಮಲಾಪುರಕ್ಕೆ ಬಂದು ಐವತ್ತು ವರ್ಷ ಕನ್ನಡವನ್ನೇ ಆಡಿದಳು. ಆದರೆ ಅಡುಗೆಮನೆಯ ಕೆಲವು ಮಾತು ಮಾತ್ರ ತವರಿನವೇ ಉಳಿದುಬಿಟ್ಟವು. ಮಜ್ಜಿಗೆಗೆ ಅವಳು ಕಡೆಯ ತನಕ ‘ತಾಕ’ ಅಂತಲೇ ಅಂದಳು.

ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಮನೆಯ ಮಾತನ್ನು ಪಟ್ಟಿಗೆ ಸೇರಿಸಬೇಕೆಂದು ಯಾರಿಗೆ ಹೊಳೆಯುತ್ತದೆ?

ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲರಿಗೂ ಹಿತ್ತಾಳೆಯ ಲೋಟದಲ್ಲಿ ಮಜ್ಜಿಗೆ. ವೆಲ್ಡರು ಬೇಗ ಉಂಡು ಅಣ್ಣನ ಜೊತೆ ಪಂಪ್‌ಸೆಟ್ಟು ನೋಡಲು ಎದ್ದರು. ನಾರ್ವೆಯ ಹುಡುಗಿಗೆ ಬಾಳೆ ಕೆಂಪಗೆ ಇರುತ್ತದೆ ಎಂದರೆ ನಂಬಿಕೆಯಿಲ್ಲ. ಅವಳನ್ನು ತೋಟಕ್ಕೆ ಕರೆದುಕೊಂಡು ನಾನೂ ಹೋದೆ. ಸಾಹೇಬರು ನಿಧಾನವಾಗಿ ಉಣ್ಣುವವರು. ಅವರೂ ಅವ್ವನೂ ಇಬ್ಬರೇ ಉಳಿದರು.

ಒಂದು ತಾಸಿನ ಮೇಲೆ ಮರಳಿ ಬಂದೆ. ಸಾಹೇಬರು ಗೋಡೆಗೆ ಒರಗಿ ಕೂತಿದ್ದರು. ಮುಖ ಬಿಳುಚಿಕೊಂಡು ಹಣೆಯ ಮೇಲೆ ಬೆವರು. ಅವ್ವ ಎದುರಿಗೆ ಮಣೆಯ ಮೇಲೆ ಕೂತು, ಪಕ್ಕದಲ್ಲಿ ಗಡಿಗೆ ಇಟ್ಟುಕೊಂಡು, ಸಂತೋಷದಿಂದ ಅರಳಿದ್ದಳು.

"ನೋಡವ್ವಾ," ಅಂದಳು. "ಮಂದಿ ಸುಳ್ಳ ಹೇಳ್ತಾರ, ಇವರ ಮಾತು ತಿಳಿಯಂಗಿಲ್ಲ ಅಂತ. ನನಗ ಎಲ್ಲಾ ತಿಳೀಲಾಕತ್ತದ. ಒಂದು ಲೋಟ ಕೊಟ್ಟೆ, ತಾಕ ಅಂದ್ರು. ಮತ್ತ ಹಾಕಿದೆ, ಮತ್ತ ತಾಕ ಅಂದ್ರು. ಒಂಬತ್ತು ಲೋಟ ಆದ್ವು."

"ಸಾಕು ಅನ್ಲಿಲ್ಲೇನು?"

"ಎಲ್ಲಿ? ನಡುವ ಇನ್ನೊಂದ ರೊಟ್ಟಿ ಹಾಕ್ಲೇನು ಅಂತ ಕೇಳಿದೆ. ನೈ, ತಾಕ ಅಂದ್ರು. ಹೋಳಿಗಿ? ನೈ, ತಾಕ. ಅನ್ನ? ನೈ, ತಾಕ. ಯಾವುದೂ ಬ್ಯಾಡಂತ, ತಾಕ ಒಂದೇ ಬೇಕಂತ. ಪಾಪ, ಅವರ ದೇಶದಾಗ ದನ ಇಲ್ಲ ಕಾಣ್ತದ."

ವಾಪಸು ಬರುವಾಗ ಕಾರಿನಲ್ಲಿ ಸಾಹೇಬರು ಕಣ್ಣು ಮುಚ್ಚಿಕೊಂಡೇ ವಿಷಯ ಹೇಳಿದರು. ಅವರ ಭಾಷೆಯಲ್ಲಿ ‘ನೈ ತಕ್’ ಅಂದರೆ ಬೇಡ, ಥ್ಯಾಂಕ್ಸ್. ಅದಕ್ಕಿಂತ ಮರ್ಯಾದೆಯಿಂದ ಬೇಡ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವರ ಅಪ್ಪನಿಗೆ ಎಂಬತ್ತು ಹಸುಗಳಿದ್ದವಂತೆ. ಚಿಕ್ಕಂದಿನಲ್ಲಿ ದಿನಾ ಮಜ್ಜಿಗೆ ಕುಡಿಸಿ, ಅದರ ವಾಸನೆಯೇ ಬೇಡವಾಗಿ, ನಲವತ್ತು ವರ್ಷದಿಂದ ಅವರು ಮಜ್ಜಿಗೆ ಮುಟ್ಟಿರಲಿಲ್ಲ.

"ಮತ್ತೆ ಲೋಟವನ್ನು ಹಾಗೇ ಬಿಟ್ಟಿದ್ದರೆ ಆಗುತ್ತಿತ್ತಲ್ಲ?" ಅಂದೆ.

"ನಾನು ಕುಡಿಯುವಾಗ ನಿಮ್ಮ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು," ಅಂದರು. "ನನ್ನ ತಾಯಿಯೂ ಹಾಗೆಯೇ ನೋಡುತ್ತಿದ್ದಳು."

ಅವ್ವನಿಗೆ ನಾನು ನಿಜ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅವಳು ಓಣಿಯವರಿಗೆ ಒಂಬತ್ತು ಲೋಟದ ಕಥೆ ಹೇಳುತ್ತಿದ್ದಳು.

ಸಾಹೇಬರು ಊರು ಬಿಡುವ ದಿನ ಬಂತು. ಮಧ್ಯಾಹ್ನ ಹೈದರಾಬಾದಿನ ಗಾಡಿ. ಕಲಬುರಗಿ ಸ್ಟೇಷನ್ನಿಗೆ ನಾವೆಲ್ಲ ಹೋದೆವು. ಗಾಡಿ ಬರಲು ಕಾಲು ತಾಸು ಇರುವಾಗ ಅಣ್ಣನ ಕೈ ಹಿಡಿದುಕೊಂಡು ಅವ್ವ ಮೆಟ್ಟಿಲಿಳಿದು ಬರುವುದು ಕಂಡಿತು. ಇಳಕಲ್ ಸೀರೆ ಉಟ್ಟಿದ್ದಳು. ಇನ್ನೊಂದು ಕೈಯಲ್ಲಿ ಐದು ಲೀಟರಿನ ಸ್ಟೀಲ್ ಕ್ಯಾನು.

ನಾನು ಸಾಹೇಬರ ಹತ್ತಿರ ಓಡಿದೆ. ಅಷ್ಟು ಸಲೀಸಾಗಿ ಇಂಗ್ಲಿಷ್ ನನ್ನ ಬಾಯಿಂದ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. "ಅವ್ವ ಬರುತ್ತಿದ್ದಾಳೆ. ಕ್ಯಾನು ತಂದಿದ್ದಾಳೆ. ಏನು ಬೇಕಾದರೂ ಮಾಡಿ, ಆ ಮಾತೊಂದು ಆಡಬೇಡಿ. ಕೈಮುಗಿಯಿರಿ, ಸಾಕು."

ಅವರಿಗೆ ತಿಳಿಯಿತು. ಅವ್ವ ಬಂದು ಎದುರಿಗೆ ನಿಂತಳು. ಸಾಹೇಬರು ತುಟಿ ಬಿಗಿಹಿಡಿದು, ಎರಡೂ ಕೈ ಜೋಡಿಸಿ, ಅಷ್ಟೆತ್ತರದ ಮೈಯನ್ನು ಬಗ್ಗಿಸಿದರು. ಒಂದು ಮಾತೂ ಆಡಲಿಲ್ಲ.

ಅವ್ವ ಅವರ ಮುಖ ನೋಡಿದಳು. "ದುಃಖಕ್ಕ ಮಾತೇ ಬರವಲ್ದು ನೋಡು ಈ ಮಗಂಗ," ಎಂದು ನನಗೆ ಹೇಳಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು. ಸೊಂಟದ ಚೀಲದಿಂದ ವಿಭೂತಿ ತೆಗೆದು, ಅವರ ತಲೆಯನ್ನು ಇನ್ನಷ್ಟು ಬಗ್ಗಿಸಿ, ಹಣೆಗೆ ಹಚ್ಚಿದಳು. "ಸುಖವಾಗಿ ಹೋಗಪ್ಪಾ. ನಿನ್ನವ್ವ ಎಲ್ಲಿದ್ರೂ ನೋಡ್ಲಾಕತ್ತಿರತಾಳ," ಅಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರ ತಾಯಿಯ ವಿಷಯ ಅವ್ವನಿಗೆ ನಾನು ಹೇಳಿರಲಿಲ್ಲ. ಅವಳಿಗೆ ಹೇಗೆ ಹೊಳೆಯಿತೋ.

ಗಾಡಿ ಬಂತು. ಸಾಹೇಬರು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, ಹಿಂತಿರುಗಿ ನೋಡಿದರು. ಗಡ್ಡವೆಲ್ಲ ಒದ್ದೆ. ನಾನು ಕೈಸನ್ನೆ ಮಾಡಿದೆ, ಬೇಡ ಅಂತ. ಅವರು ನನ್ನನ್ನು ನೋಡಲೇ ಇಲ್ಲ. ಅವ್ವನನ್ನೇ ನೋಡುತ್ತ, ದನಿ ಒಡೆದು, ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಅಂದರು:

"ತಕ್."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕ್ಯಾನಿನ ಮುಚ್ಚಳ ತೆಗೆದಳು.

"ನನಗ ಗೊತ್ತಿತ್ತು," ಅಂದಳು. "ಬಾಯಿ ಬಿಟ್ಟು ಕೇಳ್ಲಾಕ ನಾಚಗೊಂಡಿದ್ದ."